ಎರಡು ದಿನದ ಪ್ರವಾದಿ

ಹದೀರಾಳ ಮನೆಯಲ್ಲಿ ಒಬ್ಬ ಪ್ರವಾದಿ ಜ್ವರ ಬಂದು ಮಲಗಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಪ್ರವಾದಿಯೆಂದರೆ ಬರಬೇಕು, ಹಾಕಿದ್ದನ್ನು ಉಣ್ಣಬೇಕು, ದೇವರ ಆತ್ಮ ಮೈದುಂಬಿದರೆ ನಾಲ್ಕು ಮಾತಾಡಬೇಕು. ಒಂದು ದಿನ ಇರಬಹುದು, ತೀರಾ ಬೇಕಾದರೆ ಎರಡು ದಿನ. ಆಮೇಲೆ ಬುತ್ತಿಗೊಂದು ರೊಟ್ಟಿ ಕಟ್ಟಿಸಿಕೊಂಡು ಮುಂದಿನ ಊರಿನ ದಾರಿ ಹಿಡಿಯಬೇಕು. ಮೂರನೆಯ ದಿನವೂ ಉಳಿದವನು ಸುಳ್ಳು ಪ್ರವಾದಿ. ಅಂತಿಯೋಕ್ಯ ಪಟ್ಟಣದ ಹಿರಿಯರು ಕಳಿಸಿದ ಓಲೆಯಲ್ಲಿ ಹಾಗೆಂದು ಬರೆದಿತ್ತು, ಕಫ್ರತೀನ ಹಳ್ಳಿಯ ಹನ್ನೊಂದು ಮನೆಗಳ ಕ್ರೈಸ್ತ ಸಭೆಗೆ ಅದು ಬಾಯಿಪಾಠವಾಗಿತ್ತು. ಜ್ವರ ಬಂದರೆ ಏನು ಮಾಡಬೇಕೆಂದು ಮಾತ್ರ ಯಾರೂ ಬರೆದಿರಲಿಲ್ಲ.

ಓಲೆ ಬರೆದವರನ್ನು ಬೈಯುವಂತೆಯೂ ಇರಲಿಲ್ಲ. ಎರಡು ವರ್ಷದ ಹಿಂದೆ ಒಬ್ಬ ದಢೂತಿ ಪ್ರವಾದಿ ಬಂದು ಇಪ್ಪತ್ತು ದಿನ ಕದಲಿರಲಿಲ್ಲ. ಹಸಿವಾದಾಗಲೆಲ್ಲ ಕಣ್ಣು ಮೇಲೆ ಮಾಡಿ ‘ಆತ್ಮ ಹೇಳುತ್ತಿದೆ, ಕುರಿ ಕೊಯ್ಯಿರಿ’ ಎನ್ನುತ್ತಿದ್ದ. ಕೊಯ್ದ ಕುರಿಯ ತೊಡೆ ಯಾರ ಹೊಟ್ಟೆಗೆ ಹೋಗುತ್ತಿತ್ತೆಂದು ಹೇಳಬೇಕಾಗಿಲ್ಲ. ಹೊರಡು ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಯಾಕೆಂದರೆ ಅದೇ ಓಲೆಯಲ್ಲಿ ಇನ್ನೊಂದು ಮಾತೂ ಇತ್ತು: ಆತ್ಮದಲ್ಲಿ ಮಾತಾಡುವವನನ್ನು ಪರೀಕ್ಷಿಸಬೇಡಿ, ಆ ಪಾಪಕ್ಕೆ ಕ್ಷಮೆಯಿಲ್ಲ. ಪರೀಕ್ಷಿಸದೆ ಸುಳ್ಳನನ್ನು ಹಿಡಿಯುವುದು ಹೇಗೆ? ಸಭೆಯವರು ತಲೆ ಕೆರೆದುಕೊಂಡು ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದರು. ದಿನ ಎಣಿಸುವುದು. ದಿನ ಎಣಿಸಿದರೆ ಆತ್ಮಕ್ಕೇನೂ ಅವಮಾನವಿಲ್ಲವಲ್ಲ.

ಈ ಸಲ ಬಂದವನ ಹೆಸರು ತೈಮ. ಗುರುವಾರ ಸಂಜೆ, ಹೊತ್ತು ಇನ್ನೂ ಮುಳುಗಿರದಾಗ, ಒಂದು ಕಾಲಿನ ಕೆರ ಕೈಯಲ್ಲಿ ಹಿಡಿದುಕೊಂಡು ಕುಂಟುತ್ತ ಬಂದ. ಒಣಗಿದ ಕೋಲಿನಂಥ ಮನುಷ್ಯ. ಏನನ್ನೂ ಕೇಳಲಿಲ್ಲ. ಕೊಟ್ಟ ಬೇಳೆಯಲ್ಲಿ ಅರ್ಧ ಬಿಟ್ಟ. ಆ ಸಂಜೆ ಸಭೆಯ ಕೆಲವರು ಹದೀರಾಳ ಅಂಗಳದಲ್ಲಿ ಕೂಡಿದ್ದರು. ಎಲ್ಲರೂ ಉಣ್ಣುತ್ತಿರುವಾಗ ಅವನ ಮೈ ಒಮ್ಮೆ ನಡುಗಿತು. ಹದೀರಾಳ ಕಡೆಗೆ ತಿರುಗಿ ಹೇಳಿದ:

“ಈ ಸಾಲಲ್ಲಿ ಒಂದು ಜಾಗ ಖಾಲಿ ಅಂತ ನೀನು ತಿಳ್ಕೊಂಡಿದೀಯ. ಖಾಲಿ ಇಲ್ಲ. ನೀರು ಮುಟ್ಟದೆ ಹೋದೋನು ಒಳಗೇ ಇದ್ದಾನೆ.”

ಹದೀರಾಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಎದುರಿಗೆ ಕೂತಿದ್ದ ಜಬ್ದಾಯ ತಲೆ ತಗ್ಗಿಸಿದ. ಜಬ್ದಾಯ ಸಭೆಯ ಹಿರಿಯ, ಓಲೆ ಅವನ ಸುಪರ್ದಿನಲ್ಲೇ ಇರುತ್ತಿತ್ತು. ಹದೀರಾಳಿಗೆ ಅವನು ಬಾವ, ತೀರಿಹೋದ ಗಂಡ ಮಲ್ಕುವಿನ ಅಣ್ಣ.

ನೀರು ಮುಟ್ಟದೆ ಹೋದವನು ಮಲ್ಕು. ನಾಲ್ಕು ವರ್ಷದ ಹಿಂದೆ, ಅಂಜೂರ ಒಣಗಿಸುವ ಕಾಲದಲ್ಲಿ, ಅವನು ದೀಕ್ಷಾಸ್ನಾನಕ್ಕೆ ಸಿದ್ಧನಾಗಿದ್ದ. ಉಪವಾಸವನ್ನೂ ಮಾಡಿದ್ದ. ಜಬ್ದಾಯ ಓಲೆ ಬಿಡಿಸಿ ಓದಿದ: ಹರಿಯುವ ನೀರಿನಲ್ಲಿ ಸ್ನಾನ ಕೊಡಬೇಕು. ಹಳ್ಳ ಬತ್ತಿ ಎರಡು ತಿಂಗಳಾಗಿತ್ತು. ಮಳೆ ಬರಲಿ, ಹಳ್ಳ ಹರಿಯಲಿ, ಆಮೇಲೆ ನೋಡೋಣ ಎಂದ. ಅಣ್ಣ ಹೇಳಿದ ಮೇಲೆ ಮಲ್ಕು ಕಾದ. ಕಾಯುತ್ತಿರುವಾಗಲೇ ಬತ್ತಿದ ಬಾವಿಯ ಹೂಳೆತ್ತಲು ಇಳಿದವನ ಮೇಲೆ ಕಲ್ಲು ಕುಸಿಯಿತು. ಆರು ದಿನ ಬಿಟ್ಟು ಮಳೆ ಬಂತು, ಹಳ್ಳ ತುಂಬಿ ಹರಿಯಿತು. ಅದಾದ ಮೇಲೆ ಯಾವುದೋ ಕೆಲಸಕ್ಕೆ ಓಲೆಯನ್ನು ಮತ್ತೆ ಬಿಡಿಸಿದಾಗ ಕೆಳಗಿನ ಸಾಲು ಜಬ್ದಾಯನ ಕಣ್ಣಿಗೆ ಬಿತ್ತು. ಹರಿಯುವ ನೀರಿಲ್ಲದಿದ್ದರೆ ಬೇರೆ ನೀರು ಆದೀತು. ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ, ಸಾಕು.

ಒಂದು ಚೊಂಬು ನೀರು ಸಾಕಿತ್ತು.

ಹದೀರಾ ಈ ಮಾತನ್ನು ಬಾವನ ಮುಖಕ್ಕೆ ಒಂದು ದಿನವೂ ಆಡಿರಲಿಲ್ಲ. ಆಡದ ಮಾತು ಇಬ್ಬರ ನಡುವೆ ನುಂಗಲಾರದ ಬಿಸಿ ತುಪ್ಪದ ಹಾಗೆ ಉಳಿದುಬಿಟ್ಟಿತ್ತು. ಅವಳನ್ನು ಕಾಡಿದ್ದು ಬೇರೆ ಪ್ರಶ್ನೆ. ಸಭೆ ಅಂದರೆ ಯಾರು? ಸ್ನಾನವಾದವರು, ರೊಟ್ಟಿ ಮುರಿದು ತಿಂದವರು. ಸ್ನಾನವಾಗದ ಮಲ್ಕು ರೊಟ್ಟಿ ಮುರಿಯುವ ಹೊತ್ತಿಗೆ ಎದ್ದು ಹೊರಗೆ ಹೋಗಿ ಆಡುಗಳ ಹತ್ತಿರ ಕೂರುತ್ತಿದ್ದ. ಕರ್ತನು ಬಂದು ತನ್ನವರನ್ನು ಕೂಡಿಸುವ ದಿನ ಅವನು ಎಲ್ಲಿರುತ್ತಾನೆ? ಒಳಗೋ, ಆಡುಗಳ ಹತ್ತಿರವೋ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬಾವನನ್ನು ಅವಳು ಕೇಳಿರಲೇ ಇಲ್ಲ.

ಕೇಳದಿದ್ದರೂ ಒಂದು ಕೆಲಸ ಮಾಡುತ್ತಿದ್ದಳು. ಕರ್ತನ ದಿನದ, ಅಂದರೆ ಭಾನುವಾರದ, ರೊಟ್ಟಿ ಅವಳ ಒಲೆಯಲ್ಲೇ ಆಗುತ್ತಿತ್ತು. ಬೆಳಕು ಹರಿಯುವಾಗ ಪ್ರತಿ ಮನೆಯಿಂದಲೂ ಸ್ನಾನವಾದ ತಲೆಗೆ ಒಂದು ಹಿಡಿಯಂತೆ ಹಿಟ್ಟು ಬರುತ್ತಿತ್ತು; ಎಲ್ಲವನ್ನೂ ಒಂದೇ ಮರಿಗೆಯಲ್ಲಿ ಹಾಕಿ ನಾದುವಳು. ಯಾರೂ ನೋಡದಾಗ ತನ್ನ ಹಿಡಿಯ ಜೊತೆ ಮಲ್ಕುವಿನ ಹೆಸರಿನಲ್ಲೂ ಒಂದು ಹಿಡಿ ಹಾಕಿಬಿಡುವಳು. ಇದು ಪಾಪವೋ ಪುಣ್ಯವೋ ಅವಳಿಗೆ ಗೊತ್ತಿರಲಿಲ್ಲ. ಹಿಟ್ಟು ವಾರವಾರವೂ ಅವಳ ಎಣಿಕೆಗಿಂತ ಇನ್ನೂ ಕೊಂಚ ಹೆಚ್ಚೇ ಇರುತ್ತಿತ್ತು. ಬಾವನ ಕೈ ದೊಡ್ಡದು, ಅದಕ್ಕೇ ಇರಬೇಕು ಎಂದುಕೊಂಡಿದ್ದಳು.

ಈಗ ತೈಮ ಬಂದು ಒಳಗೇ ಇದ್ದಾನೆ ಎಂದುಬಿಟ್ಟಿದ್ದ. ಆ ರಾತ್ರಿ ಹದೀರಾ ನಾಲ್ಕು ವರ್ಷದಲ್ಲಿ ಮೊದಲ ಸಲ ಗಾಢವಾಗಿ ನಿದ್ದೆ ಮಾಡಿದಳು. ಬೆಳಿಗ್ಗೆ ಎದ್ದಾಗ ಪ್ರವಾದಿಯ ಮೈ ಕಾದ ಹೆಂಚಾಗಿತ್ತು.

ಶುಕ್ರವಾರ ಉಪವಾಸದ ದಿನ. ಅವಳು ತೈಮನ ಕೆರ ಹೊಲಿದು ಬಾಗಿಲ ಬಳಿ ಇಟ್ಟಳು. ಬುತ್ತಿಯ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಅದರ ಪಕ್ಕದಲ್ಲಿಟ್ಟಳು. ಎಲ್ಲವೂ ಸಿದ್ಧವಾಗಿತ್ತು, ಹೊರಡುವವನೊಬ್ಬನನ್ನು ಬಿಟ್ಟು. ಪಕ್ಕದ ಮನೆಯ ಅಮ್ಮಿಯಜ್ಜಿ ಜೋಳಿಗೆಯಲ್ಲಿ ಏನೋ ಸೊಪ್ಪು ಹಿಡಿದುಕೊಂಡು ಬಂದು, ಕೆರವನ್ನೂ ಬುತ್ತಿಯನ್ನೂ ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

“ಏನೇ ಇದು, ಹೆಣ ಸಾಗ್ಸೋ ಹಾಗೆ ಎಲ್ಲಾ ಸಿದ್ಧ ಮಾಡಿಟ್ಟಿದೀಯ!”

“ಸುಮ್ನಿರಜ್ಜಿ. ಅವನು ನಾಳೇನೂ ಇಲ್ಲೇ ಇದ್ರೆ ಸುಳ್ಳಾಗ್ತಾನೆ. ಅವನು ಸುಳ್ಳಾದ್ರೆ ಅವನು ಹೇಳಿದ್ದೂ ಸುಳ್ಳಾಗುತ್ತೆ. ನನ್ನ ಮಲ್ಕು ಮತ್ತೆ ಹೊರಗೆ.”

ಅಜ್ಜಿ ಸೊಪ್ಪನ್ನು ನೆಲಕ್ಕೆ ಸುರಿದು ಬಿಡಿಸತೊಡಗಿದಳು.

“ಅಜ್ಜಿ, ನಿಜ ಹೇಳು. ಅವನು ಬಂದಾಗ ಕಣದ ಹತ್ತಿರ ಅವನ್ನ ಮಾತಾಡಿಸಿದ್ಯಂತಲ್ಲ. ಮಲ್ಕು ವಿಷಯ ನೀನೇ ಬಾಯಿ ಬಿಟ್ಯಾ?”

“ಮಾತಾಡಿಸಿದ್ದೆ. ದಾರಿ ಕೇಳ್ದ, ಹೇಳ್ದೆ. ನಿನ್ ಮನೆ ಅಂತ ಹೇಳೋವಾಗ ವಿಧವೆ ಅಂದೆ. ಆಮೇಲೆ ಬಾವಿ ಅಂದ್ನೋ, ಹಳ್ಳ ಅಂದ್ನೋ… ಇಲ್ಲ ಕಣೇ. ಅಂದಿಲ್ಲ. ಅಂದಿರ್ಬೋದು. ನಂಗೆ ವಯಸ್ಸೆಷ್ಟು ಅಂತ ನಂಗೇ ನೆನಪಿಲ್ಲ, ನೀನು ಇದನ್ನ ಕೇಳ್ತೀಯಲ್ಲ!”

ಇದನ್ನು ಕೇಳದೆ ಇದ್ದಿದ್ದರೇ ಚೆನ್ನಾಗಿತ್ತು ಎಂದು ಹದೀರಾಳಿಗೆ ಅನಿಸಿತು.

ಹೊತ್ತು ಇಳಿಯುವಾಗ ಜಬ್ದಾಯ ಓಲೆಯೊಂದಿಗೆ ಬಂದ, ಅವನ ಹಿಂದೆ ಐದಾರು ಮಂದಿ. ದಿನ ಎಣಿಸುವ ಕೆಲಸ ಶುರುವಾಯಿತು. ಎಣಿಸುವುದಕ್ಕೆ ಇದ್ದದ್ದು ಎರಡೇ ದಿನ, ಅದೂ ನೆಟ್ಟಗಾಗಲಿಲ್ಲ. ಹಳೆಯ ಯೆಹೂದಿ ಧರ್ಮದಿಂದ ಬಂದವರಿಗೆ ಹೊತ್ತು ಮುಳುಗಿದರೆ ಹೊಸ ದಿನ. ಅವರ ಪ್ರಕಾರ ಇನ್ನೊಂದು ಗಳಿಗೆಯಲ್ಲಿ ಮೂರನೆಯ ದಿನ ಹುಟ್ಟುತ್ತಿತ್ತು. ಗ್ರೀಕರ ಪೈಕಿಯವರಿಗೆ ದಿನ ಹುಟ್ಟುವುದು ಬೆಳಿಗ್ಗೆ. ಹದೀರಾ ಬಾಗಿಲಿಗೆ ಅಡ್ಡ ನಿಂತು ಮೂರನೆಯದೊಂದು ಲೆಕ್ಕ ತೆಗೆದಳು: ಬಂದ ಹೊತ್ತಿಂದ ಬಂದ ಹೊತ್ತಿಗೆ ಒಂದು ದಿನ, ಹಾಗಾಗಿ ಶನಿವಾರ ಸಂಜೆಯವರೆಗೆ ಅವನು ನಿಜವೇ.

“ಅದು ಯಾರ ಲೆಕ್ಕ?” ಎಂದ ಜಬ್ದಾಯ.

“ಹಿಟ್ಟು ಹುದುಗು ಬರೋಕೆ ಇಡ್ತೀನಲ್ಲ ಬಾವ, ಆ ಲೆಕ್ಕ. ಕಲಸಿದ ಹೊತ್ತಿಂದ ಎಣಿಸ್ತೀವೇ ಹೊರತು ಸೂರ್ಯನ್ನ ಯಾರು ಕೇಳ್ತಾರೆ?”

ಒಬ್ಬಿಬ್ಬರು ತಲೆಯಾಡಿಸಿದರು. ಜಬ್ದಾಯ ಓಲೆಯನ್ನು ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ. ನಾಲ್ಕು ವರ್ಷದಿಂದ ಅವನು ಓಲೆಯ ಒಂದೊಂದು ಅಕ್ಷರಕ್ಕೂ ಹೆದರುವವನಾಗಿದ್ದ.

“ಜ್ವರದ ವಿಷಯ ಏನೂ ಇಲ್ಲವಲ್ಲಮ್ಮ. ಎರಡು ದಿನ ಅಂದ್ರೆ ಎರಡು ದಿನ.”

“ಕೆಳಗಡೆ ಓದಿ,” ಎಂದಳು ಹದೀರಾ.

“ಏನು?”

“ಕೆಳಗಡೆ ಓದಿ ಬಾವ. ಒಂದ್ಸಲ ಕೆಳಗಡೆ ಓದ್ದೆ ಬಿಟ್ಟಿದ್ರಿ.”

ನಾಲ್ಕು ವರ್ಷ ತುಟಿಯಲ್ಲಿ ಕಟ್ಟಿಟ್ಟಿದ್ದ ಮಾತು ಆಚೆ ಬಂದಿತ್ತು. ಆಡಿದ ಮೇಲೆ ಅವಳಿಗೇನೂ ಹಗುರವಾಗಲಿಲ್ಲ. ಮುದುಕನಿಗೆ ಹೊಡೆದ ಹಾಗಾಯಿತು. ಜಬ್ದಾಯ ಬೆರಳಿಟ್ಟು ಕೆಳಗಿನ ಸಾಲು ಹುಡುಕಿ ಓದಿದ. ಬಂದವನು ನೆಲೆಸುವುದಾದರೆ, ಕಸುಬು ಗೊತ್ತಿದ್ದರೆ, ದುಡಿದು ಉಣ್ಣಲಿ.

ಅಮ್ಮಿಯಜ್ಜಿ ಒಳಗೆ ಇಣುಕಿ ಕೂಗಿದಳು. “ಏನಪ್ಪಾ ಪ್ರವಾದಿ, ನಿಂಗೇನು ಕಸುಬು ಗೊತ್ತು?”

ಒಳಗಿಂದ ಕ್ಷೀಣವಾಗಿ ಉತ್ತರ ಬಂತು. “ಮಾತಾಡೋದು.”

“ಅದು ಈ ಊರಲ್ಲಿ ಎಲ್ರಿಗೂ ಗೊತ್ತು. ಬೇರೇನಾದ್ರೂ ಹೇಳು.”

ಬೇರೆ ಕಸುಬು ಅವನಿಗಿರಲಿಲ್ಲ. ಜಬ್ದಾಯ ಓಲೆ ಸುತ್ತಿಕೊಂಡ. “ನಾಳೆ ಸಂಜೆವರೆಗೆ ಇರ್ಲಿ, ಹದೀರಾ ಲೆಕ್ಕದಂತೆ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ,” ಎಂದು ಯಾರ ಮುಖವನ್ನೂ ನೋಡದೆ ಹೋದ.

“ದೇವರು ವರ ಕೊಟ್ರೂ ಪೂಜಾರಿ ಕೊಡ,” ಎಂದು ಅಜ್ಜಿ ಅವನ ಬೆನ್ನಿಗೆ ಕೇಳುವಂತೆಯೇ ಗೊಣಗಿದಳು.

ಶನಿವಾರ ಜ್ವರ ಇಳಿಯಲಿಲ್ಲ. ಹೊತ್ತು ಪಡುವಣಕ್ಕೆ ವಾಲಿದಾಗ ತೈಮನೇ ಗೋಡೆ ಹಿಡಿದು ಎದ್ದ.

“ಅಕ್ಕಾ, ನನ್ನ ಕೆರ ಎಲ್ಲಿ?”

“ನಿಲ್ಲೋಕಾಗ್ತಿಲ್ಲ ನಿಂಗೆ.”

“ನಿಲ್ಲೋಕೆ ಹೇಳಿದ್ಯಾರು, ನಡೀಬೇಕು. ನಾನಿಲ್ಲಿ ಉಳಿದ್ರೆ ನಾನಾಡಿದ್ದೆಲ್ಲ ಸುಳ್ಳಾಗುತ್ತೆ. ಹತ್ತು ಊರಲ್ಲಿ ಆಡಿದೀನಿ. ಹತ್ತು ಊರೋರೂ ನನ್ನ ಮಾತು ಹಿಡ್ಕೊಂಡು ಕೂತಿದಾರೆ. ನೀನೂ ಕೂತಿದೀಯ, ನಂಗೆ ಕಾಣುತ್ತೆ.”

“ತೈಮ, ಅದು ನಿಂಗೆ ಹೇಗೆ ಗೊತ್ತಾಯ್ತು? ಮಲ್ಕು ವಿಷಯ? ಆತ್ಮ ಹೇಳ್ತಾ, ಇಲ್ಲ ಅಜ್ಜಿ ಹೇಳಿದ್ಳಾ?”



“ಗೊತ್ತಿಲ್ಲ ಅಕ್ಕ. ಅಜ್ಜಿ ಏನೇನೋ ಹೇಳಿದ್ಳು, ಅದು ನೆನಪಿಲ್ಲ. ಬಾಯಿ ತೆರೆದಾಗ ಮಾತು ಬಂತು. ಎಲ್ಲಿಂದ ಬಂತು ಅಂತ ನಾನ್ಯಾವತ್ತೂ ತಿರುಗಿ ನೋಡಿಲ್ಲ. ನೋಡೋಕೆ ಭಯ.”

ಇಂಥ ಉತ್ತರವನ್ನು ಕಟ್ಟಿಕೊಂಡು ಏನು ಮಾಡುವುದು? ಹದೀರಾಳಿಗೆ ದಿಕ್ಕೇ ತೋಚಲಿಲ್ಲ. ಆದರೆ ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು. ಕೆರ ತೊಡಿಸಿದವು, ಬುತ್ತಿಯನ್ನು ಅವನ ಹೆಗಲಿಗೆ ಕಟ್ಟಿದವು. ಅವನ ರಟ್ಟೆ ಹಿಡಿದು ಅಂಗಳ ದಾಟಿಸಿದಳು, ಕಣ ದಾಟಿಸಿದಳು. ಊರ ಕೊನೆಯ ಅಂಜೂರದ ಮರದ ಹತ್ತಿರ ಬಂದಾಗ ಅವನಿಗೆ ಮುಂದೆ ಹೆಜ್ಜೆ ಕಿತ್ತಿಡಲಾಗಲಿಲ್ಲ. ಮರಕ್ಕೆ ಒರಗಿ ಕುಸಿದು ಕೂತ.

“ಸಾಕು ಅಕ್ಕ. ಇಲ್ಲಿಂದ ನಾನು ಹೋಗ್ತೀನಿ. ನೀನು ಮನೆಗೆ ಹೋಗು.”

ಅವನು ಎಲ್ಲಿಗೂ ಹೋಗುವವನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಮರ ಊರಿನ ಎಲ್ಲೆಯಲ್ಲಿತ್ತು. ಹೊತ್ತು ಮುಳುಗುವ ಮುಂಚೆ ಮನೆ ಬಿಟ್ಟಿದ್ದ. ಜಬ್ದಾಯ ಒಪ್ಪಿದ ಲೆಕ್ಕದಂತೆ, ಸತ್ತರೆ ಅವನು ನಿಜವಾದ ಪ್ರವಾದಿಯಾಗಿಯೇ ಸಾಯುತ್ತಿದ್ದ, ಮಲ್ಕು ಒಳಗೇ ಉಳಿಯುತ್ತಿದ್ದ. ಹದೀರಾ ತಿರುಗಿದಳು. ಹತ್ತು ಹೆಜ್ಜೆ ನಡೆದಳು. ಹೇಳಲು ನಾಚಿಕೆಯಾದರೂ ನಡೆದದ್ದು ನಿಜ. ಹನ್ನೊಂದನೆಯ ಹೆಜ್ಜೆಗೆ ಅವಳಿಗೆ ಮಲ್ಕು ಆಡುಗಳ ಪಕ್ಕದಲ್ಲಿ ಕೂತು ಒಳಗಿನ ಪ್ರಾರ್ಥನೆಗೆ ಕಿವಿಗೊಟ್ಟಿದ್ದು ಕಣ್ಣ ಮುಂದೆ ಬಂತು. ಹೊರಗೆ ಒಬ್ಬನನ್ನು ಕೂರಿಸಿ ಒಳಗೆ ಇನ್ನೊಬ್ಬನಿಗೆ ಜಾಗ ಮಾಡುವುದು ಎಂಥ ಸಭೆ? ಇದು ಸರಿಯಾದ ಯೋಚನೆಯೋ ತಪ್ಪೋ, ತೂಗಿ ನೋಡುವಷ್ಟು ತಾಳ್ಮೆ ಅವಳಲ್ಲಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆಂದು ಕೂಡ ತಿಳಿಯಲಿಲ್ಲ.

ಓಡಿ ಬಂದು ಅವನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದಳು.

“ಬೇಡ ಅಕ್ಕ, ಸುಳ್ಳಾಗ್ತೀನಿ ನಾನು!”

“ಸುಳ್ಳಾಗು. ಸುಳ್ಳಾದ್ರೂ ಆಗು, ಸಾಯ್ಬೇಡ. ಏಳು!”

ಅವನನ್ನು ಬೆನ್ನಿಗೆ ಹಾಕಿಕೊಂಡು ಕಣ ದಾಟಿ ಬರುವಾಗ ಗುಡ್ಡದ ಮೇಲೆ ಸೂರ್ಯ ಮುಳುಗಿದ. ದಾರಿಯುದ್ದಕ್ಕೂ ಅವಳು ಅತ್ತಳು. ಬಾಗಿಲಲ್ಲಿ ನಿಂತಿದ್ದ ಅಮ್ಮಿಯಜ್ಜಿ ಹಾಸಿಗೆ ಬಿಡಿಸಿದಳು.

ಭಾನುವಾರ ಬೆಳಕು ಹರಿಯುತ್ತಿದ್ದಂತೆ ಹಿಟ್ಟು ಬರತೊಡಗಿತು. ತಂದವರು ಒಳಕೋಣೆಯ ಕಡೆ ಓರೆಗಣ್ಣಲ್ಲಿ ನೋಡಿ, ಹಿಟ್ಟನ್ನು ಮರಿಗೆಗೆ ಹಾಕಿ ಹೋದರು. ಹದೀರಾ ತನ್ನ ಹಿಡಿ ಹಾಕಿದಳು. ಇನ್ನೊಂದು ಹಿಡಿ ತೆಗೆದವಳ ಕೈ ಹಿಟ್ಟಿನ ಗುಡಾಣದ ಬಾಯಲ್ಲೇ ನಿಂತಿತು. ಇದು ಯಾರಿಗೆ? ಹೇಳಿದವನು ಸುಳ್ಳನಾದ ಮೇಲೆ ಮಲ್ಕು ಎಲ್ಲಿದ್ದಾನೆಂದು ಹಾಕುವುದು? ಹಾಗೆಂದು ಗುಡಾಣಕ್ಕೆ ವಾಪಸು ಬಿಡಲೂ ಮನಸ್ಸಾಗಲಿಲ್ಲ. ಮುಷ್ಟಿ ಬಿಗಿಹಿಡಿದುಕೊಂಡು ಹಾಗೇ ಕೂತಳು. ಬೆರಳ ಸಂದಿಯಿಂದ ಹಿಟ್ಟು ಸೋರುತ್ತಿತ್ತು.

ಕೊನೆಗೆ ಬಂದವನು ಜಬ್ದಾಯ. ಅವನ ಮನೆಯಲ್ಲಿ ಅವನು ಮತ್ತು ಹೆಂಡತಿ, ಎರಡೇ ತಲೆ. ಯಾವಾಗಲೂ ಚೀಲವನ್ನು ಬೇರೆಯವರ ಕೈಗೆ ಕೊಡದೆ ತಾನೇ ಬಗ್ಗಿ, ಬೆನ್ನು ತಿರುಗಿಸಿ ಸುರಿದು ಹೋಗುತ್ತಿದ್ದ. ಇವತ್ತು ಬೆನ್ನು ತಿರುಗಿಸಲಿಲ್ಲ. ಅವಳ ಎದುರೇ ಕೂತು ಒಂದು ಹಿಡಿ ಹಾಕಿದ. ಎರಡನೆಯದು ಹಾಕಿದ. ಚೀಲಕ್ಕೆ ಮತ್ತೆ ಕೈಯಿಟ್ಟು ಮೂರನೆಯದನ್ನು ತೆಗೆದ.

ಹದೀರಾ ತಲೆಯೆತ್ತಿದಳು.

“ನಾಲ್ಕು ವರ್ಷದಿಂದ ತರ್ತಿದೀನಿ,” ಎಂದ ಜಬ್ದಾಯ. “ಅವನು ಹೋದ ಮೊದಲನೇ ವಾರದಿಂದ. ಓಲೇಲಿ ಹೀಗಿಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ, ಎಲ್ಲಾ ಓದಿದೀನಿ. ತಪ್ಪಿರ್ಬೋದು. ನಾನು ಕೆಳಗಿನ ಸಾಲು ಓದಿದ್ದಿದ್ರೆ…” ಮೂರನೆಯ ಹಿಡಿಯನ್ನು ಮರಿಗೆಯ ಮೇಲೆ ಹಾಗೇ ಹಿಡಿದಿದ್ದ. “ನನ್ನ ತಮ್ಮ ಅಲ್ವೇನಮ್ಮ ಅವನು.”

ಹದೀರಾ ಬಿಗಿಹಿಡಿದಿದ್ದ ಮುಷ್ಟಿಯನ್ನು ಅವನ ಮುಂದೆ ಚಾಚಿ ಬಿಡಿಸಿದಳು.

“ಇದೂ ಅವನದೇ ಬಾವ. ನಾನೂ ವಾರವಾರ ಹಾಕ್ತಿದ್ದೆ.”

ಇಬ್ಬರೂ ಪರಸ್ಪರರ ಹಿಟ್ಟನ್ನು ನೋಡುತ್ತ ಕೂತರು. ಒಲೆಗೆ ಸೌದೆ ತುರುಕುತ್ತಿದ್ದ ಅಮ್ಮಿಯಜ್ಜಿ ತಿರುಗಿ ನೋಡಿದಳು.

“ಅಂದ್ರೆ ಆ ಹುಡುಗನಿಗೆ ಬದುಕಿದ್ದಾಗ ಒಂದು ತುಂಡೂ ಇಲ್ಲ, ಸತ್ತ ಮೇಲೆ ಎರಡೆರಡು ಪಾಲು! ಚೆನ್ನಾಗಿದೆ ಕಣ್ರಪ್ಪ ನಿಮ್ಮ ಸಭೆ.”

ಹದೀರಾಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಜಬ್ದಾಯ ತನ್ನ ಮೂರನೆಯ ಹಿಡಿಯನ್ನು ಮರಿಗೆಗೆ ಬಿಟ್ಟ. ಅಷ್ಟರಲ್ಲಿ ಒಳಗಿಂದ ತೈಮ ಕೇಳಿದ. “ಅಕ್ಕಾ, ಇವತ್ತಿಗೆ ಎಷ್ಟನೇ ದಿನ?” ದನಿಯಲ್ಲಿ ನಿನ್ನೆಗಿಂತ ಸ್ವಲ್ಪ ಕಸುವಿತ್ತು.

“ಮೂರೋ ನಾಲ್ಕೋ, ನಿಂಗ್ಯಾಕೆ? ಬಿದ್ಕೋ,” ಎಂದಳು ಅಜ್ಜಿ.

ಹದೀರಾ ಕೈಯಲ್ಲಿದ್ದ ಹಿಟ್ಟನ್ನು ನೋಡಿದಳು. “ಮಲ್ಕುಗೆ ನಿಮ್ಮದೊಂದು ಹಿಡಿ ಸಾಕು ಬಾವ. ಇದು ಒಳಗೆ ಮಲಗಿರೋನಿಗೆ.”

“ಅವನು ಸುಳ್ಳು ಪ್ರವಾದಿ ಆಗಿದ್ರೆ?”

“ಸುಳ್ಳು ಪ್ರವಾದಿ ಪಾಲು ಅಂದ್ಕೊಳ್ಳಿ. ಹಸಿವೆ ಸುಳ್ಳಲ್ವಲ್ಲ.”

ಅವಳು ಹಾಕಿಯೇಬಿಟ್ಟಳು. ಜಬ್ದಾಯ ಖಾಲಿ ಚೀಲ ಮಡಚಿಟ್ಟ. ಮಲ್ಕು ಒಳಗಿದ್ದಾನೋ ಇಲ್ಲವೋ ಎಂದು ಆ ಮೂವರಲ್ಲಿ ಯಾರಿಗೂ ನಿನ್ನೆಗಿಂತ ಹೆಚ್ಚೇನೂ ತಿಳಿದಿರಲಿಲ್ಲ.

“ನನ್ನ ಕೈಯೆಲ್ಲ ಹಿಟ್ಟಾಗಿದೆ,” ಎಂದಳು ಹದೀರಾ. “ನೀವೇ ನೀರು ಹಾಕಿ ಬಾವ. ಒಟ್ಟಿಗೆ ಬೇಡ, ನಿಧಾನಕ್ಕೆ.”

ಜಬ್ದಾಯ ಚೊಂಬು ಎತ್ತಿಕೊಂಡ. ಸ್ವಲ್ಪ ಸುರಿದ, ಅವಳು ಕಲಸಿದಳು. ಮತ್ತೆ ಸ್ವಲ್ಪ ಸುರಿದ. ಮೂರನೆಯ ಸಲ ಚೊಂಬು ಬಗ್ಗಿಸಿದಾಗ ಅವನ ಕೈ ಗಾಳಿಯಲ್ಲೇ ನಿಂತಿತು, ಓಲೆಯ ಆ ಕೆಳಗಿನ ಸಾಲು ನೆನಪಾಗಿತ್ತು. ಹದೀರಾ ಅವನ ಮುಖವನ್ನೇ ನೋಡಿದಳು.

“ಹಾಕಿ ಬಾವ,” ಎಂದಳು. “ಇನ್ನೊಂದ್ಸಲ.”

ಅವನು ಸುರಿದ.